ಟ್ರೇಲರ್ ಟಯರ್ ಒಂದೇ ಕಡೆ ಸವೆಯುತ್ತಿದೆಯಾ? ಹೊಸದು ಹಾಕುವ ಮೊದಲು ಇದನ್ನು ನೋಡಿ

ಕ್ಯಾಂಪಿಂಗ್ ಟ್ರೇಲರ್‌ನ ಟಯರ್ ಒಂದು ಅಂಚಿನಲ್ಲಿ ಬೋಳಾಗಿ, ಇನ್ನೊಂದು ಅಂಚಿನಲ್ಲಿ ಹೊಸದರ ಹಾಗೆ ಕಾಣುತ್ತಿದ್ದರೆ ದಯವಿಟ್ಟು ನೇರವಾಗಿ ಟಯರ್ ಅಂಗಡಿಗೆ ಹೋಗಬೇಡಿ. ಹಳೇ ಟಯರನ್ನು ತಿಂದ ಕಾರಣ ಇನ್ನೂ ಅಲ್ಲೇ ಇದೆ. ಹೊಸದನ್ನೂ ಅದೇ ಥರ ತಿನ್ನುತ್ತದೆ. ಕಾರಣ ಹುಡುಕಲು ದೊಡ್ಡ ಯಂತ್ರ ಬೇಡ. ಟೇಪು, ಗಾಳಿ ನೋಡುವ ಗೇಜ್, ಗ್ರಿಪ್ ಆಳ ಅಳೆಯುವ ಗೇಜ್, ಜಾಕು, ಸ್ಟ್ಯಾಂಡು, ಸೀಮೆಸುಣ್ಣ, ಒಂದು ನೋಟ್‌ಬುಕ್, ಮತ್ತೆ ಅರ್ಧ ದಿನದ ಪುರುಸೊತ್ತು ಇದ್ದರೆ ಮುಕ್ಕಾಲು ಪಾಲು ಕೆಲಸ ನೀವೇ ಮಾಡಬಹುದು.

ಕಾರಿನಲ್ಲಿ ಅಲೈನ್‌ಮೆಂಟ್ ಹೋದರೆ ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ, ಕೈಗೆ ಗೊತ್ತಾಗುತ್ತದೆ. ಟ್ರೇಲರ್‌ಗೆ ಸ್ಟೀರಿಂಗೇ ಇಲ್ಲ. ಹಿಂದೆ ಟಯರ್ ಉಜ್ಜಿಕೊಂಡು ಬರುತ್ತಿದ್ದರೂ ಮುಂದೆ ಕೂತವರಿಗೆ ತಿಳಿಯುವುದಿಲ್ಲ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಕಾರಿನಲ್ಲಿ ತಿರುಗಿಸಿ ಸರಿ ಮಾಡುವ ರಾಡುಗಳಿವೆ. ಸಾಮಾನ್ಯ ಟ್ರೇಲರ್ ಆಕ್ಸಲ್‌ನಲ್ಲಿ ಅಂಥದ್ದೇನೂ ಇಲ್ಲ. ಒಂದು ಕಬ್ಬಿಣದ ಕೊಳವೆ, ಅದರ ಎರಡು ತುದಿಗೆ ಬೆಸುಗೆ ಹಾಕಿದ ಸ್ಪಿಂಡಲ್ (ಚಕ್ರ ಕೂತು ತಿರುಗುವ ದಂಡ), ಅಷ್ಟೇ. ಕಾರ್ಖಾನೆಯಲ್ಲಿ ಯಾವ ಕೋನದಲ್ಲಿ ಕೂತಿತೋ ಅದೇ ಕೊನೆ ತನಕ. ಹಾಗಾಗಿ ಟಯರ್ ಓರೆಯಾಗಿ ಸವೆದರೆ ಏನೋ ಬಗ್ಗಿದೆ, ಇಲ್ಲ ಜಾಗ ಬಿಟ್ಟು ಸರಿದಿದೆ, ಇಲ್ಲ ಸಡಿಲವಾಗಿದೆ, ಅದೂ ಅಲ್ಲದಿದ್ದರೆ ಗಾಳಿ ಮತ್ತು ಭಾರದ ಲೆಕ್ಕ ತಪ್ಪಿದೆ. ಯಾರಾದರೂ "ಅಲೈನ್‌ಮೆಂಟ್ ಸ್ವಲ್ಪ ಔಟ್ ಆಗಿದೆ" ಅಂದರೆ ಅಲ್ಲಿಗೆ ಸುಮ್ಮನಾಗಬೇಡಿ. ತಿರುಗಿಸುವ ಬೋಲ್ಟೇ ಇಲ್ಲದ ಆಕ್ಸಲ್ ಯಾಕೆ ಔಟ್ ಆಯಿತು? ಅದು ಪ್ರಶ್ನೆ.

ಮುಟ್ಟುವ ಮೊದಲು ಬರೆದಿಟ್ಟುಕೊಳ್ಳಿ

ಎಲ್ಲಕ್ಕಿಂತ ಮೊದಲು ಎರಡು ಕೆಲಸ ಮಾಡಬಾರದು. ಟಯರ್‌ಗಳನ್ನು ಜಾಗ ಬದಲಿಸಬಾರದು, ಗಾಳಿ ತುಂಬಬಾರದು. ಯಾವ ಟಯರ್ ಎಲ್ಲಿತ್ತು, ಅದರಲ್ಲಿ ಎಷ್ಟು ಗಾಳಿ ಇತ್ತು ಅನ್ನುವುದೇ ನಿಮಗೆ ಸಿಗುವ ದೊಡ್ಡ ಸುಳಿವು. ಒಮ್ಮೆ ಅದು ಹೋದರೆ ಊಹೆ ಮಾಡಿಕೊಂಡು ಕೂರಬೇಕಾಗುತ್ತದೆ.

ಗಾಡಿ ನಿಂತು ಕನಿಷ್ಠ 3 ಗಂಟೆ ಆಗಿರಲಿ, ಟಯರ್ ಬಿಸಿಲಿನಲ್ಲಿ ಇರದಿರಲಿ. ಆಗ ಪ್ರತಿ ಟಯರ್‌ನ ಗಾಳಿ ನೋಡಿ ಬರೆದುಕೊಳ್ಳಿ. ಓಡಿಸಿ ನಿಲ್ಲಿಸಿದ ತಕ್ಷಣದ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ಟಯರ್ ಒಳಗಿನ ಬಿಸಿ ಸುಮಾರು 5 ರಿಂದ 6 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ದಾರಿಯಲ್ಲಿ ಜಾಸ್ತಿ ತೋರಿಸಿತು ಅಂತ ಬಿಸಿ ಟಯರ್‌ನಿಂದ ಗಾಳಿ ಬಿಡುವವರಿದ್ದಾರೆ. ಹಾಗೆ ಮಾಡಲೇಬೇಡಿ. ಬೆಳಿಗ್ಗೆ ತಣ್ಣಗಾದಾಗ ಅದೇ ಟಯರ್ ಕಡಿಮೆ ಗಾಳಿಯಲ್ಲಿ ನಿಂತಿರುತ್ತದೆ.

ಆಮೇಲೆ ಗ್ರಿಪ್ ಆಳ. ಪ್ರತಿ ಟಯರ್‌ನಲ್ಲಿ ಒಳ ಅಂಚು, ನಡು, ಹೊರ ಅಂಚು, ಹೀಗೆ ಮೂರು ಕಡೆ ಅಳೆಯಿರಿ. ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ಚಕ್ರವನ್ನು ಸುತ್ತಿಸುತ್ತಾ ಮೂರು ನಾಲ್ಕು ಜಾಗದಲ್ಲಿ ಅಳೆಯಿರಿ, ಯಾಕೆಂದರೆ ಸುತ್ತಲೂ ಒಂದೇ ಸಮ ಸವೆದಿರುವುದು ಬೇರೆ ಕಾಯಿಲೆ, ಒಂದೆರಡು ಕಡೆ ಮಾತ್ರ ಸವೆದಿರುವುದು ಬೇರೆ ಕಾಯಿಲೆ. ಗ್ರಿಪ್ ಸಾಲುಗಳ ನಡುವೆ ಚಿಕ್ಕ ಅಡ್ಡ ದಿಣ್ಣೆಗಳಿರುತ್ತವೆ. ಅವು 1.6 ಮಿ.ಮೀ. ಎತ್ತರದವು. ರಬ್ಬರ್ ಅಲ್ಲಿಗೆ ಇಳಿದಿದ್ದರೆ ಟಯರ್ ಮುಗಿದಂತೆ. ಒಳ ಅಂಚನ್ನು ಮಲಗಿ, ಟಾರ್ಚ್ ಹಾಕಿ ನೋಡಬೇಕು. ನಿಂತು ನೋಡಿದರೆ ಹೊರ ಅಂಚು ಮಾತ್ರ ಕಾಣುತ್ತದೆ. ಟ್ರೇಲರ್‌ಗಳಲ್ಲಿ ಜಾಸ್ತಿ ಕೆಡುವುದು ಒಳ ಅಂಚು, ಕಾಣದೇ ಉಳಿಯುವುದೂ ಅದೇ.

ಕೊನೆಗೆ ಕೈಯಿಂದ ಸವರಿ. ದಪ್ಪ ಗ್ಲೌಸ್ ಇರಲಿ, ಬೋಳಾದ ಕಡೆ ಸ್ಟೀಲ್ ತಂತಿ ಎದ್ದಿದ್ದರೆ ಕೈ ಕೊಯ್ಯುತ್ತದೆ. ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣ್ಣಗೆ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಅದನ್ನು ಬರೆದುಕೊಳ್ಳಿ. ಚುಚ್ಚುವ ಹಲ್ಲು ಎಡಕ್ಕೆ ಮುಖ ಮಾಡಿದೆಯೋ ಬಲಕ್ಕೋ ಅದನ್ನೂ ಬರೆಯಿರಿ. ಮುಂದೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಟಯರ್ ಗೋಡೆಯ ಮೇಲೆ DOT ಅಂತ ಶುರುವಾಗುವ ಡಾಟ್ ಕೋಡ್‌ನ ಕೊನೆಯ ನಾಲ್ಕು ಅಂಕಿಯನ್ನೂ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು ಅಂತ ಅರ್ಥ. ಟ್ರೇಲರ್ ಟಯರ್‌ಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಹಾಗಾಗಿ ಸವೆಯುವ ಮೊದಲೇ ಮುದಿಯಾಗುತ್ತವೆ. 5–6 ವರ್ಷ ದಾಟಿದ್ದರೆ, ಗೋಡೆಯಲ್ಲಿ ಬಿರುಕು ಕಾಣುತ್ತಿದ್ದರೆ, ಗ್ರಿಪ್ ಎಷ್ಟೇ ಇದ್ದರೂ ಬದಲಿಸುವ ಲೆಕ್ಕದಲ್ಲೇ ಇರಿ. ಆದರೂ ಕಾರಣ ಹುಡುಕುವವರೆಗೆ ಅವನ್ನು ಕಳಚಿ ಎಸೆಯಬೇಡಿ.

ಮೊದಲ ಪ್ರಶ್ನೆ: ಯಾವ ಟಯರ್?

ಸಾಮಾನ್ಯವಾಗಿ ಸಿಗುವ ಚಾರ್ಟುಗಳು ಸವೆತದ ಆಕಾರ ತೋರಿಸಿ ಕಾರಣ ಹೇಳುತ್ತವೆ. ಒಳ ಅಂಚು ಸವೆದರೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು), ನಡು ಸವೆದರೆ ಗಾಳಿ ಜಾಸ್ತಿ, ಹೀಗೆ. ತಪ್ಪೇನಲ್ಲ. ಆದರೆ ಟ್ರೇಲರ್‌ನಲ್ಲಿ ಆಕಾರಕ್ಕಿಂತ ಮೊದಲು ಕೇಳಬೇಕಾದ್ದು ಯಾವ ಟಯರ್ ಅನ್ನುವುದು. ಎಲ್ಲ ಟಯರ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಒಂದೇ ಟಯರ್ ಕೆಟ್ಟಿದೆ, ಉಳಿದವೆಲ್ಲ ಚೆನ್ನಾಗಿವೆ ಅಂದರೆ ಆ ಒಂದು ಮೂಲೆಯಲ್ಲೇ ತೊಂದರೆ. ಆ ಟಯರ್, ಅದರ ರಿಮ್, ಬೇರಿಂಗ್, ಬ್ರೇಕ್, ಸ್ಪಿಂಡಲ್. ಒಂದೇ ಆಕ್ಸಲ್‌ನ ಎರಡೂ ಟಯರ್ ಒಂದೇ ಥರ ಕೆಟ್ಟಿದ್ದರೆ ಆಕ್ಸಲ್ ಕೊಳವೆ ಬಗ್ಗಿದೆ ಅಥವಾ ಆ ಆಕ್ಸಲ್ ಮೇಲೆ ಭಾರ ಜಾಸ್ತಿ. ಒಂದೇ ಬದಿಯ ಮುಂದಿನ ಹಿಂದಿನ ಎರಡೂ ಕೆಟ್ಟಿದ್ದರೆ ಆ ಬದಿಯಲ್ಲಿ ಭಾರ ಜಾಸ್ತಿ, ಇಲ್ಲವೇ ಆ ಬದಿಯ ಸ್ಪ್ರಿಂಗ್, ಬುಶ್ (ಬೋಲ್ಟ್ ಸುತ್ತಲಿನ ಬಳೆ), ಹ್ಯಾಂಗರ್‌ನಲ್ಲಿ (ಸ್ಪ್ರಿಂಗನ್ನು ಚಾಸಿಗೆ ಹಿಡಿಯುವ ಬ್ರಾಕೆಟ್) ತೊಂದರೆ. ಎಲ್ಲವೂ ಒಂದೇ ಥರ ಕೆಟ್ಟಿದ್ದರೆ ಗಾಳಿ, ಒಟ್ಟು ಭಾರ, ಅಥವಾ ಓಡಿಸುವ ರೀತಿ. ನೋಟ್‌ಬುಕ್‌ನಲ್ಲಿ ಬರೆದ ಅಂಕಿಗಳನ್ನು ಈ ಕಣ್ಣಿನಿಂದ ಒಮ್ಮೆ ಓದಿ, ಆಮೇಲೆ ಆಕಾರಕ್ಕೆ ಬನ್ನಿ.

ಸವೆತ ಏನು ಹೇಳುತ್ತಿದೆ

ಮೊದಲು ಅಪಾಯದ್ದು. ಟಯರ್ ಸುತ್ತಳತೆಯಲ್ಲಿ ಒಂದೇ ಕಡೆ ಅಂಗೈ ಅಗಲದಷ್ಟು ಬೋಳಾಗಿದ್ದು, ಅಲ್ಲಿ ಉಬ್ಬಿದಂತೆ ಇದ್ದರೆ ಒಳಗಿನ ಸ್ಟೀಲ್ ಬೆಲ್ಟ್ ಬಿಟ್ಟುಕೊಂಡಿದೆ. ಚಕ್ರ ಎತ್ತಿ ತಿರುಗಿಸಿದರೆ ಟಯರ್ ಮೇಲೆ ಕೆಳಗೆ ಕುಣಿಯುವುದು, ಗ್ರಿಪ್ ಸಾಲು ಹಾವಿನಂತೆ ಸೊಟ್ಟಗೆ ಓಡುವುದು ಕಾಣುತ್ತದೆ. ಇದಕ್ಕೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಆ ಟಯರ್ ಮೇಲೆ ಒಂದು ಕಿಲೋಮೀಟರ್ ಕೂಡ ಹೋಗಬೇಡಿ, ಸ್ಟೆಪ್ನಿ ಹಾಕಿ. ಓಡುವಾಗ ಬೆಲ್ಟ್ ಕಿತ್ತು ಬಂದರೆ ಟ್ರೇಲರ್‌ನ ಚಕ್ರದ ಗೂಡು, ಒಳಗಿನ ವೈರು, ಪೈಪು ಎಲ್ಲ ಹರಿದುಹೋಗುತ್ತವೆ.

ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಭಾರ ಜಾಸ್ತಿ. ಟಯರ್ ದೃಷ್ಟಿಯಲ್ಲಿ ಎರಡೂ ಒಂದೇ. ನಡು ಮಾತ್ರ ಸವೆದಿದ್ದರೆ ಆ ಭಾರಕ್ಕೆ ಗಾಳಿ ಜಾಸ್ತಿ. ಟ್ರೇಲರ್‌ಗೆಂದೇ ಮಾಡಿದ ಎಸ್‌ಟಿ ಟಯರ್‌ಗಳಲ್ಲಿ ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ ಇದ್ದರೆ ಸಾಮಾನ್ಯವಾಗಿ 50 ಪಿಎಸ್‌ಐ, ಡಿ ಇದ್ದರೆ 65, ಇ ಇದ್ದರೆ 80 ಅಂತ ಗರಿಷ್ಠ ಒತ್ತಡ ಬರೆದಿರುತ್ತದೆ. ಟಯರ್ ಪೂರ್ತಿ ಭಾರ ಹೊರುವುದು ಆ ಒತ್ತಡದಲ್ಲಿ ಮಾತ್ರ. ಕಾರಿಗೆ ಹಾಕುವ 32–35 ಪಿಎಸ್‌ಐ ಅಭ್ಯಾಸದಲ್ಲಿ ಟ್ರೇಲರ್‌ಗೂ ಅಷ್ಟೇ ಹಾಕಿದರೆ ಅಂಚು ಸವೆಯುವುದು ಚಿಕ್ಕ ವಿಷಯ, ಗೋಡೆ ಬಾಗಿ ಬಾಗಿ ಬಿಸಿಯಾಗಿ ಟಯರ್ ಸಿಡಿಯುವುದು ದೊಡ್ಡ ವಿಷಯ. ಟ್ರೇಲರ್ ಮೈಮೇಲಿನ ಫಲಕದಲ್ಲಿ ತಣ್ಣಗಿನ ಒತ್ತಡ ಬರೆದಿರುತ್ತದೆ, ಮೂಲ ಅಳತೆಯ ಟಯರೇ ಇದ್ದರೆ ಅದನ್ನು ಪಾಲಿಸಿ. ಟಯರ್ ಬದಲಾಗಿದ್ದರೆ ಅದರ ಗೋಡೆ ನೋಡಿ. ರಿಮ್ ಕೂಡ ಅಷ್ಟು ಒತ್ತಡ ತಡೆಯುವಂಥದ್ದಾ ಅಂತ ನೋಡಿ. ಒಂದೇ ಟಯರ್‌ನ ಎರಡು ಅಂಚು ಸವೆದಿದ್ದರೆ ಅದು ನಿಧಾನ ಪಂಕ್ಚರ್ ಅಥವಾ ಸೋರುವ ವಾಲ್ವ್. ಸೋಪಿನ ನೀರು ಹಾಕಿ ನೋಡಿದರೆ ಗೊತ್ತಾಗುತ್ತದೆ.

ಒಳ ಅಂಚು ಮಾತ್ರ ಸವೆಯುವುದು ಟ್ರೇಲರ್‌ನ ಅತಿ ಸಾಮಾನ್ಯ ದೂರು. ಇದು ಅರ್ಥವಾಗಬೇಕಾದರೆ ಆಕ್ಸಲ್ ಹೇಗೆ ಭಾರ ಹೊರುತ್ತದೆ ಅಂತ ನೋಡಬೇಕು. ಭಾರ ಕೆಳಕ್ಕೆ ಒತ್ತುವುದು ಸ್ಪ್ರಿಂಗ್ ಕೂತ ಜಾಗದಲ್ಲಿ. ನೆಲ ಮೇಲಕ್ಕೆ ಒತ್ತುವುದು ಅದರಾಚೆ, ಚಕ್ರಗಳಲ್ಲಿ. ಆದ್ದರಿಂದ ಆಕ್ಸಲ್‌ನ ನಡು ಕೆಳಕ್ಕೆ ಜಗ್ಗುತ್ತದೆ, ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ, ಒಳ ಅಂಚಿನ ಮೇಲೆ ಭಾರ ಬೀಳುತ್ತದೆ. ಇದನ್ನು ತಿಳಿದೇ ತಯಾರಕರು ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಆಕ್ಸಲನ್ನು ನಡು ಸ್ವಲ್ಪ ಮೇಲಕ್ಕೆ ಬಾಗುವಂತೆ ಮಾಡಿರುತ್ತಾರೆ. ಖಾಲಿ ಇದ್ದಾಗ ಬಿಲ್ಲಿನ ಹಾಗೆ ಮೇಲಕ್ಕೆ, ಭಾರ ಬಿದ್ದಾಗ ಹೆಚ್ಚುಕಡಿಮೆ ನೇರ. ಆ ಮೇಲ್ಬಾಗು ಕಂಡು "ಆಕ್ಸಲ್ ಬಗ್ಗಿದೆ" ಅಂತ ಗಾಬರಿಯಾಗುವುದು ಬೇಡ, ಅದು ಇರಬೇಕಾದ್ದೇ. ನಡು ಕೆಳಕ್ಕೆ ಜೋತಿದ್ದರೆ ಮಾತ್ರ ಚಿಂತೆ.

ಸೆಕೆಂಡ್ ಹ್ಯಾಂಡ್ ಟ್ರೇಲರ್ ಕೊಂಡವರು ಇಲ್ಲಿ ಇನ್ನೊಂದು ವಿಷಯ ನೋಡಬೇಕು. ಟ್ರೇಲರನ್ನು ಎತ್ತರ ಮಾಡಲು ಕೆಲವರು ಆಕ್ಸಲನ್ನೇ ಮಗುಚಿ ಹಾಕಿಬಿಡುತ್ತಾರೆ. ಆಗ ಮೇಲ್ಬಾಗು ಕೆಳಬಾಗಾಗುತ್ತದೆ, ಒಳ ಅಂಚು ಬೇಗ ಬೇಗ ಬೋಳಾಗುತ್ತದೆ. ಎತ್ತರ ಮಾಡುವುದಾದರೆ ಆಕ್ಸಲ್ ಇದ್ದ ಹಾಗೇ ಇರಬೇಕು, ಸ್ಪ್ರಿಂಗ್ ಕೂರುವ ಪೀಠವನ್ನು ಮೇಲ್ಬದಿಗೆ ತಂದು ಬೆಸುಗೆ ಹಾಕಬೇಕು. ಬೆಸುಗೆಯ ಕಾವಿಗೂ ಕೊಳವೆ ಬಾಗಬಹುದು, ಹಾಗಾಗಿ ಆಕ್ಸಲ್ ಮೇಲೆ ಆಮೇಲೆ ಹಾಕಿದ ಬೆಸುಗೆ ಕಂಡರೆ ಅಲ್ಲೇ ಅನುಮಾನ ಶುರು ಮಾಡಿ.

ಹೊರ ಅಂಚು ಮಾತ್ರ ಸವೆದರೆ ಚಕ್ರದ ತಲೆ ಹೊರಕ್ಕೆ ವಾಲಿದೆ, ಅಥವಾ ಚಕ್ರಗಳ ಮುಂಭಾಗ ಒಂದಕ್ಕೊಂದು ಹತ್ತಿರ ಬಂದಿದೆ. ಎರಡು ಆಕ್ಸಲ್ ಇದ್ದರೆ ಬಿಗಿ ತಿರುವುಗಳೂ ಕಾರಣ ಆಗಬಹುದು, ಅದು ಮುಂದೆ ಹೇಳುತ್ತೇನೆ.

ಸುತ್ತಲೂ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೆ ಚಕ್ರ ಕುಣಿಯುತ್ತಾ ಓಡುತ್ತಿದೆ. ಬ್ಯಾಲೆನ್ಸ್ ಇಲ್ಲ, ಬೇರಿಂಗ್ ಸಡಿಲ, ರಿಮ್ ಸೊಟ್ಟ, ಅಥವಾ ಶಾಕ್ ಅಬ್ಸಾರ್ಬರ್ ಸತ್ತಿದೆ. ಟ್ರೇಲರ್ ಟಯರ್‌ಗೆ ಬ್ಯಾಲೆನ್ಸಿಂಗ್ ಬೇಡ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಮಾಡಿಸಿ. ಎಷ್ಟೋ ಲೀಫ್ ಸ್ಪ್ರಿಂಗ್ ಟ್ರೇಲರ್‌ಗಳಿಗೆ ಶಾಕ್ ಅಬ್ಸಾರ್ಬರೇ ಇರುವುದಿಲ್ಲ, ಕುಣಿತ ಶುರುವಾದರೆ ತಡೆಯುವುದಕ್ಕೆ ಏನೂ ಇಲ್ಲ.

ಒಂದೇ ಕಡೆ ಚಪ್ಪಟೆಯಾಗಿ ಉಜ್ಜಿದ್ದರೆ ಬ್ರೇಕ್ ಹಿಡಿದು ಚಕ್ರ ಜಾರಿದೆ. ಒಂದೇ ಚಕ್ರದಲ್ಲಿ ಆದರೆ ಆ ಬ್ರೇಕ್ ಡ್ರಮ್ ಬಿಚ್ಚಿ ನೋಡಿ. ಸೀಲ್ ಸೋರಿ ಶೂ ಮೇಲೆ ಗ್ರೀಸ್ ಬಿದ್ದಿರಬಹುದು, ಅಡ್ಜಸ್ಟರ್ ಜಾಸ್ತಿ ಬಿಗಿಯಾಗಿರಬಹುದು, ಡ್ರಮ್ ದುಂಡಗೆ ಉಳಿದಿರಲಿಕ್ಕಿಲ್ಲ. ಎಲ್ಲ ಚಕ್ರದಲ್ಲೂ ಆದರೆ, ಎಲೆಕ್ಟ್ರಿಕ್ ಬ್ರೇಕ್ ಇರುವವರು ಕಂಟ್ರೋಲರ್‌ನ ಗೇನ್ (ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವ ಸೆಟ್ಟಿಂಗ್) ಇಳಿಸಿ. ಬಹಳ ದಿನ ನಿಂತ ಗಾಡಿಯ ಟಯರ್‌ನಲ್ಲೂ ಚಪ್ಪಟೆ ಬರುತ್ತದೆ, ಆದರೆ ಅಲ್ಲಿ ರಬ್ಬರ್ ಸವೆದಿರುವುದಿಲ್ಲ. ಓಡಿ ಬಿಸಿಯಾದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನು ಗರಗಸದ ಹಲ್ಲು. ಟಯರ್ ಉರುಳುತ್ತಾ ಜೊತೆಗೇ ಅಡ್ಡಕ್ಕೂ ಉಜ್ಜುತ್ತಿದ್ದರೆ ಗ್ರಿಪ್ ಸಾಲಿನ ಒಂದು ಅಂಚು ಹೀಗೆ ಚೂಪಾಗುತ್ತದೆ. ಆಗ ಬರೆದುಕೊಂಡ ದಿಕ್ಕು ಈಗ ನೋಡಿ. ಒಂದೇ ಆಕ್ಸಲ್‌ನ ಎಡ ಬಲ ಟಯರ್‌ಗಳ ಹಲ್ಲು ಎದುರುಬದುರು ಇದ್ದರೆ, ಅಂದರೆ ಎರಡೂ ಒಳಕ್ಕೆ ಅಥವಾ ಎರಡೂ ಹೊರಕ್ಕೆ ಇದ್ದರೆ, ಅದು ಟೋ. ಆ ಎರಡು ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ. ಅದೇ ಆಕ್ಸಲ್‌ನ ಎರಡೂ ಟಯರ್‌ನಲ್ಲಿ ಹಲ್ಲು ಒಂದೇ ಕಡೆಗೆ, ಉದಾಹರಣೆಗೆ ಎರಡೂ ಎಡಕ್ಕೆ ಇದ್ದು, ಇನ್ನೊಂದು ಆಕ್ಸಲ್‌ನಲ್ಲಿ ಎರಡೂ ಬಲಕ್ಕೆ ಇದ್ದರೆ, ಆಕ್ಸಲ್‌ಗಳೇ ಒಂದಕ್ಕೊಂದು ಓರೆಯಾಗಿ ಕೂತು ಜಗಳ ಆಡುತ್ತಿವೆ. ಒಂದೇ ಆಕ್ಸಲ್ ಇರುವ ಟ್ರೇಲರ್‌ನಲ್ಲಿ ಈ ಎರಡನೇ ಥರದ್ದು ಕಾಣುವುದು ಅಪರೂಪ. ಆಕ್ಸಲ್ ಓರೆಯಾಗಿದ್ದರೆ ಟ್ರೇಲರ್ ಹಿಚ್ (ಎಳೆಯುವ ಗಾಡಿಗೆ ಕೊಂಡಿ ಹಾಕುವ ಜಾಗ) ಸುತ್ತ ತಿರುಗಿ ತಾನೇ ಹೊಂದಿಕೊಂಡು, ಮೈ ಒಂದು ಕಡೆಗೆ ಸರಿದು ಓರೆಯಾಗಿ ಹಿಂಬಾಲಿಸುತ್ತದೆ. ಟಯರ್ ಸವೆಯುವುದು ಕಡಿಮೆ, ಕನ್ನಡಿಯಲ್ಲಿ ಒಂದು ಬದಿ ಜಾಸ್ತಿ ಕಾಣುವುದರಿಂದಲೇ ಗೊತ್ತಾಗಬೇಕು. ಇದೇ ಕಾರಣಕ್ಕೆ ಒಂದು ಆಕ್ಸಲ್ ಗಾಡಿಯಲ್ಲಿ ಒಂದೇ ಸ್ಪಿಂಡಲ್ ಮುಂದಕ್ಕೋ ಹಿಂದಕ್ಕೋ ಬಗ್ಗಿದ್ದರೂ ಉಜ್ಜಾಟವನ್ನು ಎರಡೂ ಟಯರ್ ಹಂಚಿಕೊಳ್ಳುತ್ತವೆ. ಯಾವ ಬದಿ ಬಗ್ಗಿದೆ ಅಂತ ಸವೆತ ನೋಡಿ ಹೇಳಲಾಗುವುದಿಲ್ಲ, ಅಳೆಯಲೇಬೇಕು.

ಎರಡು ಆಕ್ಸಲ್ ಇದ್ದರೆ

ಎರಡು ಆಕ್ಸಲ್ ಟ್ರೇಲರ್ ಬಿಗಿಯಾಗಿ ತಿರುಗುವಾಗ ಒಮ್ಮೆ ಹೊರಗೆ ನಿಂತು ನೋಡಿ. ಮುಂದಿನ ಟಯರ್‌ಗಳು ಒಂದು ಕಡೆಗೆ, ಹಿಂದಿನವು ಇನ್ನೊಂದು ಕಡೆಗೆ ಮಡಚಿದ ಹಾಗೆ ವಾಲುತ್ತವೆ. ತಿರುಗಲಾಗದ ಎರಡು ಆಕ್ಸಲ್ ಒಂದೇ ಚಾಸಿಯ ಕೆಳಗೆ ಇರುವುದರಿಂದ ಇದು ತಪ್ಪಿದ್ದಲ್ಲ. ಆಕ್ಸಲ್‌ಗಳ ನಡುವಿನ ಅಂತರ ಜಾಸ್ತಿಯಾದಷ್ಟೂ ಉಜ್ಜಾಟವೂ ಜಾಸ್ತಿ. ಪ್ರತಿ ಸಲ ಇಕ್ಕಟ್ಟಿನ ಜಾಗಕ್ಕೆ ರಿವರ್ಸ್ ಹಾಕುತ್ತಾ ನಿಂತಲ್ಲೇ ತಿರುಗಿಸಿದರೆ ಅಂಚಿನ ರಬ್ಬರ್ ದುಂಡಗಾಗುತ್ತದೆ, ಅಲ್ಲಲ್ಲಿ ಚೂರು ಕಿತ್ತಿರುತ್ತದೆ. ಎಲ್ಲ ಟಯರ್‌ನಲ್ಲೂ ಸ್ವಲ್ಪ ಸ್ವಲ್ಪ ಹೀಗಿದ್ದರೆ ಬಗ್ಗಿದ್ದು ಏನೂ ಇಲ್ಲದಿರಬಹುದು. ತಿರುವು ದೊಡ್ಡದಾಗಿ ತೆಗೆದುಕೊಳ್ಳಿ, ಸಾಧ್ಯವಿದ್ದರೆ ನೇರ ಹೋಗಿ ನಿಲ್ಲಿಸುವ ಜಾಗ ಆರಿಸಿ.

ಲೀಫ್ ಸ್ಪ್ರಿಂಗ್ ಇರುವ ಎರಡು ಆಕ್ಸಲ್ ಗಾಡಿಯಲ್ಲಿ ಮುಂದಿನ ಹಿಂದಿನ ಸ್ಪ್ರಿಂಗ್‌ಗಳ ನಡುವೆ ತೂಗಾಡುವ ಒಂದು ತುಂಡು ಇರುತ್ತದೆ, ಅದು ಈಕ್ವಲೈಜರ್. ಅದಕ್ಕೂ ಸ್ಪ್ರಿಂಗ್‌ಗೂ ಕೊಂಡಿಯಾಗಿ ಶ್ಯಾಕಲ್ ಪಟ್ಟಿಗಳು. ಇವುಗಳ ಬೋಲ್ಟ್ ಸುತ್ತ ಬಹಳ ಗಾಡಿಗಳಲ್ಲಿ ಬರುವುದು ನೈಲಾನ್ ಬುಶ್. ಅದು ಬೇಗ ಸವೆಯುತ್ತದೆ, ಆಮೇಲೆ ಬೋಲ್ಟು ಕಬ್ಬಿಣಕ್ಕೇ ಉಜ್ಜಿ ತೂತು ಮೊಟ್ಟೆಯಾಕಾರ ಆಗುತ್ತದೆ. ಅಲ್ಲಿಗೆ ಆಕ್ಸಲ್ ಹಿಂದೆ ಮುಂದೆ ಸರಿಯಲು ಜಾಗ ಸಿಕ್ಕಿತು. ನನ್ನ ಅಭಿಪ್ರಾಯದಲ್ಲಿ ಎರಡು ಆಕ್ಸಲ್ ಟ್ರೇಲರ್‌ನಲ್ಲಿ ಅತಿ ಹೆಚ್ಚು ಕಡೆಗಣಿಸುವ ಭಾಗ ಇದೇ. ಕೆಲವು ಮಿಲಿಮೀಟರ್ ಆಟ ಇದ್ದರೂ ಎರಡು ಆಕ್ಸಲ್ ಸಮಾನಾಂತರ ಉಳಿಯುವುದಿಲ್ಲ. ಬುಶ್ ಬದಲಿಸುವಾಗ ಕಂಚಿನ ಬುಶ್ ಮತ್ತು ಗ್ರೀಸ್ ಹೊಡೆಯಬಹುದಾದ ಬೋಲ್ಟ್ ಹಾಕಿಸಿ. ಒಂದು ಸಲದ ಕೆಲಸ, ಬಹಳ ಕಾಲ ಬಾಳುತ್ತದೆ.

ಎತ್ತಿ ನೋಡುವುದು

ಎತ್ತುವ ಮೊದಲು ಟ್ರೇಲರ್ ಎಳೆಯುವ ಗಾಡಿಗೆ ಕೊಂಡಿ ಹಾಕಿರಲಿ, ಆ ಗಾಡಿಯ ಹ್ಯಾಂಡ್ ಬ್ರೇಕ್ ಎಳೆದಿರಲಿ, ಎದುರು ಬದಿಯ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟಿರಲಿ. ಜಾಕನ್ನು ಚಾಸಿಗೆ ಅಥವಾ ತಯಾರಕರು ಹೇಳಿದ ಜಾಗಕ್ಕೆ ಕೊಡಿ. ಆಕ್ಸಲ್ ಕೊಳವೆಯ ನಡುವಿಗೆ ಕೊಡಬೇಡಿ, ಸವೆತದ ಕಾರಣ ಹುಡುಕಲು ಹೋಗಿ ಆಕ್ಸಲನ್ನು ಅಲ್ಲೇ ಬಗ್ಗಿಸಿದಂತಾಗುತ್ತದೆ. ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ.

ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಾಡಿಸಿ. ಕೂದಲೆಳೆಯಷ್ಟು ಅಲುಗಾಟ ಇದ್ದರೆ ಪರವಾಗಿಲ್ಲ. ಟಕ್ ಟಕ್ ಅಂತ ಸದ್ದು ಬಂದರೆ ಸಡಿಲ. ಸಡಿಲ ಬೇರಿಂಗ್‌ನದ್ದಾ ಬುಶ್‌ನದ್ದಾ ಅಂತ ತಿಳಿಯಲು ಒಬ್ಬರು ಟ್ರೇಲರ್ ಬ್ರೇಕ್ ಹಿಡಿದುಕೊಳ್ಳಲಿ, ನೀವು ಮತ್ತೆ ಅಲುಗಾಡಿಸಿ. ಬ್ರೇಕ್ ಹಿಡಿದಾಗ ಆಟ ನಿಂತರೆ ಅದು ಬೇರಿಂಗ್. ಆಮೇಲೆ ಬ್ರೇಕ್ ಬಿಟ್ಟು ಚಕ್ರ ತಿರುಗಿಸಿ, ಕಿವಿಗೊಡಿ. ಗರಗರ ಅಂದರೆ ಬೇರಿಂಗ್ ಮುಗಿದಿದೆ. ತಿರುಗುವಾಗ ರಿಮ್‌ನ ಅಂಚಿನ ಹತ್ತಿರ ಒಂದು ಕಡ್ಡಿ ಹಿಡಿದು ನೋಡಿದರೆ ರಿಮ್ ಸೊಟ್ಟಗಿದೆಯಾ, ಟಯರ್ ಮಾತ್ರ ಸೊಟ್ಟಗಿದೆಯಾ ಅಂತ ಗೊತ್ತಾಗುತ್ತದೆ.

ಬೇರಿಂಗ್ ಸಡಿಲ ಮಾತ್ರ ಆಗಿದ್ದರೆ ಕ್ಯಾಪ್ ತೆಗೆದು, ಪಿನ್ ಕಳಚಿ, ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ ಬೇರಿಂಗ್ ಕೂರಿಸಬೇಕು. ಆಮೇಲೆ ನಟ್ ಸಡಿಲಿಸಿ, ಬೆರಳಿನಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟಕ್ಕೆ ನಿಲ್ಲಿಸಿ, ಹೊಸ ಪಿನ್ ಹಾಕಬೇಕು. ಸ್ಪ್ಯಾನರ್ ಹಾಕಿ ಬಿಗಿದು ಬಿಟ್ಟರೆ ಬೇರಿಂಗ್ ಸುಟ್ಟುಹೋಗುತ್ತದೆ. ಗ್ರೀಸ್ ವರ್ಷಕ್ಕೊಮ್ಮೆ ತೆಗೆದು ಹೊಸದು ತುಂಬಿ, ಕಮ್ಮಿ ಓಡಿದ್ದರೂ ಸರಿ.

ಕಬ್ಬಿಣದ ಸನ್ನೆಕೋಲು ಹಾಕಿ ಶ್ಯಾಕಲ್, ಈಕ್ವಲೈಜರ್, ಸ್ಪ್ರಿಂಗ್ ಕಣ್ಣುಗಳನ್ನು ಮೆಲ್ಲಗೆ ಮೀಟಿ ನೋಡಿ. ಸ್ಪ್ರಿಂಗ್ ಪಟ್ಟಿಗಳಲ್ಲಿ ಬಿರುಕು, ಸ್ಪ್ರಿಂಗನ್ನು ಆಕ್ಸಲ್‌ಗೆ ಹಿಡಿದ ಯು ಬೋಲ್ಟ್ ಸಡಿಲ, ಹ್ಯಾಂಗರ್ ಒಂದು ಕಡೆಗೆ ವಾಲಿರುವುದು, ಚಾಸಿಗೆ ಅಂಟಿದ ಕಡೆ ತುಕ್ಕಿನ ಗೆರೆ, ಇವನ್ನೆಲ್ಲ ಹುಡುಕಿ. ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದ ನಡುಬೋಲ್ಟ್ ತುಂಡಾದರೆ ಆಕ್ಸಲ್ ಆ ಬದಿಯಲ್ಲಿ ಹಿಂದಕ್ಕೆ ಜಾರುತ್ತದೆ. ಆಕ್ಸಲ್ ಪೀಠದ ಹತ್ತಿರ ಹೊಳೆಯುವ ಹೊಸ ಗೀರು ಕಂಡರೆ ಇದೇ ಅಂತ ತಿಳಿಯಿರಿ.

ಟೇಪ್ ಹಿಡಿದು ಅಳೆಯುವುದು

ಅಳೆಯುವ ಮೊದಲು ಟ್ರೇಲರನ್ನು ಸಮತಟ್ಟು ನೆಲದಲ್ಲಿ ನೇರವಾಗಿ ಕೆಲವು ಮೀಟರ್ ಮುಂದಕ್ಕೆ ಎಳೆದು ನಿಲ್ಲಿಸಿ. ರಿವರ್ಸ್ ಹಾಕಿ ತಿರುಗಿಸಿ ನಿಲ್ಲಿಸಿದ ಗಾಡಿಯನ್ನು ಅಳೆದರೆ ಸ್ಪ್ರಿಂಗ್, ಟಯರ್ ಎಲ್ಲ ತಿರುಚಿಕೊಂಡೇ ಇರುತ್ತವೆ, ಇಲ್ಲದ ತೊಂದರೆ ಕಾಣುತ್ತದೆ. ಪ್ರಯಾಣದಲ್ಲಿ ಇರುವ ಭಾರವೇ ಒಳಗಿರಲಿ.

ಮೊದಲು ಆಕ್ಸಲ್ ನೇರವಾಗಿದೆಯಾ ನೋಡಿ. ಹಿಚ್ ಕಪ್ಲರ್‌ನ (ಟ್ರೇಲರ್ ಮೂತಿಯ ಕೊಂಡಿ) ನಡುಬಿಂದುವಿನಿಂದ ಮುಂದಿನ ಆಕ್ಸಲ್‌ನ ಎಡ ತುದಿಗೆ, ಆಮೇಲೆ ಬಲ ತುದಿಗೆ. ಹಬ್ ಕ್ಯಾಪ್‌ನ (ಚಕ್ರದ ನಡುವಿನ ಮುಚ್ಚಳ) ನಡು ಒಳ್ಳೆಯ ಗುರುತು. ಟೇಪ್ ಅಡ್ಡ ಬರುವ ಕಡೆ ತೂಕದ ದಾರ ಇಳಿಬಿಟ್ಟು ಬಿಂದುಗಳನ್ನು ನೆಲದ ಮೇಲೆ ಗುರುತು ಮಾಡಿಕೊಂಡು ಅಳೆಯಿರಿ. ಎರಡು ಅಳತೆಯ ವ್ಯತ್ಯಾಸ ಸುಮಾರು 3 ಮಿ.ಮೀ. ಒಳಗಿರಬೇಕು. ಎರಡನೇ ಆಕ್ಸಲ್ ಇದ್ದರೆ ಮುಂದಿನದಕ್ಕೂ ಹಿಂದಿನದಕ್ಕೂ ನಡುವಿನ ದೂರ ಎಡದಲ್ಲಿ ಮತ್ತು ಬಲದಲ್ಲಿ ಅಳೆಯಿರಿ. ಇಲ್ಲಿ ಇನ್ನೂ ಬಿಗಿ, ವ್ಯತ್ಯಾಸ ಸುಮಾರು 1.5 ಮಿ.ಮೀ. ದಾಟಬಾರದು. ಪ್ರತಿ ಅಳತೆ ಎರಡು ಸಲ ತೆಗೆಯಿರಿ, ಟೇಪ್ ಜಗ್ಗಿದರೆ ಅಷ್ಟು ತಪ್ಪು ಅಲ್ಲೇ ಬರುತ್ತದೆ.

ಟೋ ಅಳೆಯಲು ಆಕ್ಸಲ್‌ನ ಎರಡೂ ಚಕ್ರ ಎತ್ತಿ, ಗ್ರಿಪ್ ಮೇಲೆ ಸೀಮೆಸುಣ್ಣ ಬಳಿದು, ಚಕ್ರ ತಿರುಗಿಸುತ್ತಾ ಒಂದು ಮೊಳೆಯನ್ನು ಅಲುಗದಂತೆ ಹಿಡಿದು ಸುತ್ತಲೂ ತೆಳು ಗೆರೆ ಎಳೆಯಿರಿ. ಮೊಳೆಯನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ಒಂದು ಮರದ ತುಂಡಿಗೆ ಹೊಡೆದು ನೆಲದ ಮೇಲೆ ಇಟ್ಟು ಒತ್ತಿದರೆ ಗೆರೆ ನೇರ ಬರುತ್ತದೆ. ಇಳಿಸಿ, ಮತ್ತೆ ಕೆಲವು ಮೀಟರ್ ಮುಂದಕ್ಕೆ ಉರುಳಿಸಿ. ಈಗ ಎರಡು ಗೆರೆಗಳ ನಡುವಿನ ದೂರವನ್ನು ಚಕ್ರದ ಮುಂಬದಿಯಲ್ಲಿ ಒಮ್ಮೆ, ಹಿಂಬದಿಯಲ್ಲಿ ಒಮ್ಮೆ, ಎರಡೂ ಆಕ್ಸಲ್ ಎತ್ತರದಲ್ಲೇ ಅಳೆಯಿರಿ. ಮುಂದೆ ಕಡಿಮೆ ಇದ್ದರೆ ಚಕ್ರಗಳು ಮುಂದೆ ಒಳಮುಖ, ಜಾಸ್ತಿ ಇದ್ದರೆ ಹೊರಮುಖ. ಒಳಮುಖ ಹೊರ ಅಂಚನ್ನು ತಿನ್ನುತ್ತದೆ, ಹೊರಮುಖ ಒಳ ಅಂಚನ್ನು. ವ್ಯತ್ಯಾಸ 3 ಮಿ.ಮೀ. ಮೀರಿದ್ದರೆ ಅಂಗಡಿಗೆ ಒಯ್ಯುವ ಕೆಲಸ. ಯಾವ ಸ್ಪಿಂಡಲ್ ತಪ್ಪಿತಸ್ಥ ಅಂತ ತಿಳಿಯಲು ಚಾಸಿಗೆ ಸಮಾನಾಂತರವಾಗಿ ಎರಡೂ ಬದಿ ದಾರ ಕಟ್ಟಿ, ದಾರದಿಂದ ರಿಮ್‌ನ ಮುಂದಿನ ಮತ್ತು ಹಿಂದಿನ ಅಂಚಿಗೆ ಅಳೆಯಿರಿ.

ಕ್ಯಾಂಬರ್ ನೋಡಲು ರಿಮ್‌ಗೆ ನೇರ ಪಟ್ಟಿ ಆನಿಸಿ, ಅದರ ಮೇಲೆ ಡಿಜಿಟಲ್ ಕೋನಮಾಪಕ ಇಡಿ. ಟಯರ್ ಗೋಡೆ ಕೆಳಗೆ ಉಬ್ಬಿರುತ್ತದೆ, ಅದಕ್ಕೆ ತಾಗಬಾರದು. ಒಮ್ಮೆ ಖಾಲಿ ಗಾಡಿಯಲ್ಲಿ, ಒಮ್ಮೆ ಭಾರ ತುಂಬಿ ನೋಡುವುದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಖಾಲಿ ಇದ್ದಾಗ ಸರಿಯಾಗಿದ್ದು ಭಾರ ಬಿದ್ದಾಗ ಮಾತ್ರ ಒಳಕ್ಕೆ ವಾಲಿದರೆ ಆಕ್ಸಲ್ ಇನ್ನೂ ಗಟ್ಟಿ ಇದೆ, ನೀವು ತುಂಬುತ್ತಿರುವುದು ಜಾಸ್ತಿ. ಖಾಲಿ ಇದ್ದಾಗಲೂ ವಾಲಿದ್ದರೆ ಆಕ್ಸಲ್ ಖಾಯಂ ಬಗ್ಗಿದೆ. ಎರಡೂ ಬದಿ ಸಮ ವಾಲಿದ್ದರೆ ಕೊಳವೆ, ಒಂದೇ ಬದಿ ವಾಲಿದ್ದರೆ ಸ್ಪಿಂಡಲ್. ಗುಂಡಿಗೆ ಬಿದ್ದದ್ದು, ಕಟ್ಟೆಗೆ ತಾಗಿದ್ದು ಸಾಮಾನ್ಯವಾಗಿ ಸ್ಪಿಂಡಲ್‌ನಲ್ಲೇ ಕಾಣುತ್ತದೆ.

ಸ್ಪ್ರಿಂಗ್ ಬದಲು ಟಾರ್ಷನ್ ಆಕ್ಸಲ್ ಇದ್ದರೆ ಕಥೆ ಸ್ವಲ್ಪ ಬೇರೆ. ಅಲ್ಲಿ ಕೊಳವೆಯೊಳಗಿನ ರಬ್ಬರ್ ದಿಂಡುಗಳೇ ಸ್ಪ್ರಿಂಗ್. ರಬ್ಬರ್ ಮುದಿಯಾದರೆ ಚಕ್ರದ ತೋಳು ಮೇಲಕ್ಕೆ ಮಡಚಿ ಟ್ರೇಲರ್ ಆ ಬದಿಯಲ್ಲಿ ಕೂರುತ್ತದೆ. ಎಡ ಬಲ ತೋಳುಗಳ ಕೋನ ಹೋಲಿಸಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಂಡರೆ ಆಕ್ಸಲ್ ಬದಲಿಸುವ ಕಾಲ ಬಂದಿದೆ. ಇಲ್ಲಿ ಈಕ್ವಲೈಜರ್ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಎರಡು ಟಾರ್ಷನ್ ಆಕ್ಸಲ್ ಇದ್ದು ಟ್ರೇಲರ್ ಮೂತಿ ಎತ್ತರದಲ್ಲಿದ್ದರೆ ಭಾರವೆಲ್ಲ ಹಿಂದಿನ ಆಕ್ಸಲ್‌ಗೆ, ತಗ್ಗಿದ್ದರೆ ಮುಂದಿನದಕ್ಕೆ. ಒಂದು ಆಕ್ಸಲ್‌ನ ಟಯರ್ ಮಾತ್ರ ಸವೆಯುತ್ತಿದ್ದರೆ ಮೊದಲು ಹಿಚ್‌ನ ಎತ್ತರ ಸರಿ ಮಾಡಿ, ಗಾಡಿ ಸಮತಟ್ಟಾಗಿ ನಿಲ್ಲಲಿ.

ತೂಕ ಹಾಕಿಸಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ನೀರು, ಗ್ಯಾಸ್, ಬ್ಯಾಟರಿ, ಪಾತ್ರೆ, ಬಟ್ಟೆ, ಎಲ್ಲ ತುಂಬಿ ಹೊರಡುವ ದಿನದ ಹಾಗೇ ವೇಬ್ರಿಜ್‌ಗೆ ಒಯ್ಯಿರಿ. ಆಕ್ಸಲ್ ಮೇಲಿನ ತೂಕ ತೆಗೆದುಕೊಳ್ಳಿ. ಜಾಗ ಇದ್ದರೆ ಒಂದು ಬದಿಯ ಚಕ್ರ ಮಾತ್ರ ತಟ್ಟೆ ಮೇಲೆ ಬರುವಂತೆ ನಿಲ್ಲಿಸಿ ಎಡ ಬಲ ಬೇರೆ ಬೇರೆ ತೂಗಿಸಿ. 100 ಲೀಟರ್ ನೀರಿನ ಟ್ಯಾಂಕ್ ಅಂದರೆ 100 ಕೆ.ಜಿ., ಅದು ಒಂದು ಬದಿಯಲ್ಲಿದ್ದು ಫ್ರಿಜ್ಜು, ಒಲೆ, ಬ್ಯಾಟರಿಯೂ ಅದೇ ಬದಿಯಲ್ಲಿದ್ದರೆ ಒಟ್ಟು ತೂಕ ಮಿತಿಯೊಳಗಿದ್ದೂ ಆ ಬದಿಯ ಟಯರ್ ಮಿತಿ ಮೀರಿರುತ್ತದೆ. ಟಯರ್ ಗೋಡೆಯಲ್ಲಿ ಬರೆದ ಭಾರದ ಮಿತಿಗೆ ಹೋಲಿಸಿ. ಮಿತಿಗೆ ಸರಿಸಮ ಬರುತ್ತಿದ್ದರೂ ನಾನು ಸಾಕು ಅನ್ನುವುದಿಲ್ಲ. ಶೇಕಡ 15–20 ಉಳಿಕೆ ಇದ್ದರೆ ನೆಮ್ಮದಿ. ಇಲ್ಲದಿದ್ದರೆ ಸಾಮಾನು ಕಡಿಮೆ ಮಾಡಿ, ಜಾಗ ಬದಲಿಸಿ, ನೀರನ್ನು ಹೋದ ಊರಿನಲ್ಲೇ ತುಂಬಿಕೊಳ್ಳಿ.

ಸರಿ ಮಾಡಿಸುವುದು

ಗಾಳಿ, ಬೇರಿಂಗ್, ಬುಶ್, ಭಾರ ಇವನ್ನು ಮೊದಲು ಮುಗಿಸಿ, ಆಮೇಲೆ ಆಕ್ಸಲ್ ವಿಷಯಕ್ಕೆ ಹೋಗಿ. ಸಡಿಲ ಬುಶ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ. ಆಕ್ಸಲ್ ಓರೆಯಾಗಿ ಕೂತಿದ್ದರೆ ಯು ಬೋಲ್ಟ್ ಸಡಿಲಿಸಿ ಸರಿಯಾಗಿ ಕೂರಿಸಬಹುದು, ಹ್ಯಾಂಗರ್ ಬಗ್ಗಿದ್ದರೆ ಅದನ್ನು ಸರಿ ಮಾಡಿಸಬೇಕು. ಕೊಳವೆ ಸ್ವಲ್ಪ ಬಗ್ಗಿದ್ದರೆ ಲಾರಿ ಆಕ್ಸಲ್ ಕೆಲಸ ಮಾಡುವ ಅಂಗಡಿಗಳಲ್ಲಿ ಹೈಡ್ರಾಲಿಕ್ ಒತ್ತಿ ತಣ್ಣಗೇ ನೇರ ಮಾಡುತ್ತಾರೆ. ಗ್ಯಾಸ್ ಹಚ್ಚಿ ಕಾಯಿಸಿ ಬಗ್ಗಿಸುತ್ತೇವೆ ಅಂದರೆ ಬೇಡ ಅನ್ನಿ, ಕಬ್ಬಿಣ ಮೆತ್ತಗಾಗಿ ಮತ್ತೆ ಬಗ್ಗುತ್ತದೆ. ಸ್ಪಿಂಡಲ್ ಬಗ್ಗಿದ್ದರೆ ಹಗುರ ಟ್ರೇಲರ್‌ಗಳಲ್ಲಿ ಆಕ್ಸಲ್ಲೇ ಬದಲಿಸುವುದು ಒಳ್ಳೆಯದು. ಅಂಗಡಿಗೆ ಹೋಗುವಾಗ ನೋಟ್‌ಬುಕ್ ತೋರಿಸಿ, ಭಾರ ಹಾಕಿದ ಸ್ಥಿತಿಯಲ್ಲೇ ಅಳೆಯಿರಿ ಅಂತ ಕೇಳಿ. ಕೆಲಸ ಆದ ಮೇಲಿನ ಅಂಕಿಗಳನ್ನು ಬರೆಸಿಕೊಂಡು ಬನ್ನಿ.

ಹೊಸ ಟಯರ್ ಒಂದು ಆಕ್ಸಲ್‌ಗೆ ಜೋಡಿಯಾಗಿ, ಒಂದೇ ಅಳತೆ, ಒಂದೇ ಲೋಡ್ ರೇಂಜ್‌ನದ್ದು ಹಾಕಿ. ಬ್ಯಾಲೆನ್ಸ್ ಮಾಡಿಸಿ. ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಟಾರ್ಕ್ ಸ್ಪ್ಯಾನರ್‌ನಿಂದ ತಯಾರಕರು ಹೇಳಿದಷ್ಟು ಬಿಗಿ ಮಾಡಿ, 80 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಮೊದಲ ದಿನ ನಿಲ್ಲಿಸಿದಾಗಲೆಲ್ಲ ಹಬ್‌ಗಳ ಬಿಸಿ ಹೋಲಿಸಿ. ದೂರದಿಂದ ಬಿಸಿ ಅಳೆಯುವ ಗೇಜ್ ಇದ್ದರೆ ಸುಲಭ. ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಬಿಗಿ. ಹೊಸ ಟಯರ್‌ನ ಗ್ರಿಪ್ ಆಳವನ್ನು ಹಾಕಿದ ದಿನವೇ ಮೂರು ಕಡೆ ಅಳೆದು ಬರೆಯಿರಿ, ಸುಮಾರು 1500 ಕಿ.ಮೀ. ಆದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಅಳೆಯಿರಿ. ಒಳ ಅಂಚು ನಡುವಿಗಿಂತ ಬೇಗ ಇಳಿಯುತ್ತಿದ್ದರೆ ಕಾರಣ ಇನ್ನೂ ಉಳಿದಿದೆ ಅಂತ, ಮತ್ತೆ ಭಾರ ಹಾಕಿ ಕ್ಯಾಂಬರ್ ಮತ್ತು ಟೋ ಅಳತೆಯಿಂದ ಶುರು ಮಾಡಿ.